ರಿಪ್ಯಾಟ್ರಿಯೇಷನ್ ಅಂದ್ರೆ ಏನ್ ಸಾರ್?

ಹಲಸೂರು, ಬೆಂಗಳೂರು
14 ಆಗಸ್ಟ್ 2024

ಪ್ರೀತಿಯ ರಾಮಯ್ಯನಿಗೆ ಚಲುವಯ್ಯನ ನಮಸ್ಕಾರ.

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಬೈದುಕೊಳ್ಳುತ್ತಿರುತ್ತೀಯ, ಬೈದುಕೋ. ಫೋನಾದರೂ ಮಾಡಬಾರದಿತ್ತೇ ಅನ್ನುತ್ತೀಯ. ಎರಡು ಸಲ ನಿನ್ನ ನಂಬರ್ ಒತ್ತಿ ಕಟ್ ಮಾಡಿದೆ ಕಣಯ್ಯ. ಮಾಲೂರಿನ ನೀರು ಒಗ್ಗಿತೇ? ನನಗೆ ಮಂಡಿನೋವು ಜಾಸ್ತಿಯಾಗಿ ಕೆರೆ ಕಡೆ ನಡೆಯುವುದನ್ನೂ ಬಿಟ್ಟಿದ್ದೇನೆ.

ನಮ್ಮ ಶಿವಾಜಿನಗರದ ಶಾಲೆಯ ಸಕ್ಲೇನ್ ನೆನಪಿದ್ದಾನಾ? ನಿನ್ನ ಹಳಗನ್ನಡ ಪದ್ಯಗಳನ್ನು ಕವ್ವಾಲಿ ಮಾಡಿ ಹಾಡಿ ನಿನ್ನಂಥ ಸಿಡುಕನನ್ನೂ ನಗಿಸಿದವನು. ನಾನು ದಿನಕ್ಕೊಂದು ಇಂಗ್ಲಿಷ್ ಪದ ಬರೆಸುತ್ತಿದ್ದೆನಲ್ಲ, ಪದ, ಅರ್ಥ, ಸ್ವಂತ ವಾಕ್ಯ ಎಂದು? ಒಂದು ದಿನವೂ ತಪ್ಪಿಸದವನು ಅವನೊಬ್ಬನೇ. ಸೌದಿಯ ದಮ್ಮಾಮಿನ ಗೋದಾಮಿಗೆ ಕೆಲಸಕ್ಕೆ ಹೋದ ಮೇಲೂ ವಾಟ್ಸಾಪಿನಲ್ಲಿ ಹೊಸ ಪದ ಕಳಿಸಿ, "ಸಾರ್, ವಾಕ್ಯ ಸರಿ ಇದ್ಯಾ?" ಅನ್ನುತ್ತಿದ್ದ. ಜುಲೈ ಎಂಟರಂದು ಅದೇ ಗೋದಾಮಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಮೂವತ್ನಾಲ್ಕು ವರ್ಷ ರಾಮಯ್ಯ, ನಮ್ಮ ಸರ್ವಿಸಿನಷ್ಟೂ ಬದುಕಲಿಲ್ಲ.

ಮೂರನೇ ದಿನ ಅವನ ಹೆಂಡತಿ ಶಮೀಮ್ ನಮ್ಮ ಮನೆಗೆ ಬಂದಳು. ಕಂಪನಿಯವರು ಕಳಿಸಿದ ಫಾರಂ ಕೈಯಲ್ಲಿತ್ತು. ಅಲ್ಲೇ ದಫನ್ ಮಾಡುವುದಾದರೆ ಒಂದು ಚೌಕ, ಊರಿಗೆ ಕಳಿಸುವುದಾದರೆ ಇನ್ನೊಂದು. ಎರಡನೆಯದರ ಮೇಲೆ ಬೆರಳಿಟ್ಟು, "ರಿಪ್ಯಾಟ್ರಿಯೇಷನ್ ಅಂದ್ರೆ ಏನ್ ಸಾರ್?" ಅಂದಳು.

ಹುಟ್ಟುಗುಣ ಸುಟ್ಟರೂ ಹೋಗದು. ಪರದೇಶದಲ್ಲಿರುವವರನ್ನು ಸ್ವದೇಶಕ್ಕೆ ಮರಳಿ ಕಳಿಸುವುದಮ್ಮ, ಲ್ಯಾಟಿನ್ನಿನಲ್ಲಿ ಪಾತ್ರಿಯಾ ಎಂದರೆ ತಾಯ್ನಾಡು ಎಂದೆಲ್ಲ ಶುರುಮಾಡಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಗಂಡ ಸತ್ತ ಹೆಂಗಸಿಗೆ ಪಾಠ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಬದ್ಕಿರೋವಾಗ ಇದನ್ನ ಕೊಡಲ್ವಾ ಸಾರ್? ಸತ್ಮೇಲೇನಾ?" ಅಂದಳು.

"ಕೊಡ್ತಾರಮ್ಮ," ಅಂದೆ. ಎದ್ದು ಹೋಗಿ ನೀರು ತಂದುಕೊಟ್ಟೆ.

ಊರಿಗೇ ಬರಲಿ ಎಂದು ಪೆನ್ನು ನನ್ನ ಕೈಗಿಟ್ಟಳು, ಟಿಕ್ ನಾನೇ ಹಾಕಿದೆ. ಇಪ್ಪತ್ಮೂರು ದಿನಕ್ಕೆ ಪೆಟ್ಟಿಗೆ ಬಂತು. ಅವರಲ್ಲಿ ಹೋದ ದಿನವೇ ಮಣ್ಣು ಮಾಡುವ ಪದ್ಧತಿ. ಇಷ್ಟು ದಿನ ಮಗ ಎಲ್ಲೋ ಬಿದ್ದಿದ್ದಾನೆಂದು ಅವನ ಅಮ್ಮ ಅನ್ನ ಮುಟ್ಟಿರಲಿಲ್ಲವಂತೆ. ಮುಖವನ್ನೂ ತೋರಿಸಲಾಗಲಿಲ್ಲ. ನಾನು ಖಬರಸ್ತಾನದಲ್ಲಿ ತಲೆಗೆ ಕರ್ಚೀಫು ಕಟ್ಟಿಕೊಂಡು ಒಂದು ಹಿಡಿ ಮಣ್ಣು ಹಾಕಿ ಬಂದೆ. ಅದೇ ಕೈಯಲ್ಲಿ ಅವನ ನೋಟ್‌ಬುಕ್ಕಿಗೆ ಎಷ್ಟು ಸಲ "ಗುಡ್" ಹಾಕಿದ್ದೆನೋ ಏನೋ.

ಮೊನ್ನೆ ಶಮೀಮ್ ಮತ್ತೆ ಬಂದಿದ್ದಳು. "ನೀವು ಇಲ್ದೆ ಇದ್ದಿದ್ರೆ ಅವ್ರು ವಾಪಸ್ ಬರ್ತಾನೇ ಇರ್ಲಿಲ್ಲ ಸಾರ್," ಅಂದಳು. ಅವನ ಫೋನು ಅಲ್ಲೇ ಕಳೆದುಹೋಗಿದೆ. ನಾಡಿದ್ದು ಶುಕ್ರವಾರ ನಲವತ್ತನೇ ದಿನದ ಫಾತಿಹಾ. "ನಿಮ್ ಫೋನ್ ತಗೊಂಡ್ ಬನ್ನಿ ಸಾರ್. ಅಪ್ಪ ನಿಮ್ಗೆ ಏನೇನ್ ಬರೀತಿದ್ರು ಅಂತ ಅಲಿಯಾ ಓದ್ಬೇಕಂತೆ," ಅಂದಳು. ಅಲಿಯಾ ಅವರ ಮಗಳು. ಆಗಲಿ ಅಂದುಬಿಟ್ಟೆ.

ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಅವರ ಮೇಲೆ ರೇಗಬೇಡ, ಹೇಳಿದ್ದನ್ನು ಕೇಳಿಸಿಕೋ.

ನಿನ್ನ
ಚಲುವಯ್ಯ

ತಾ.ಕ.: ಮರೆತು ಕೊನೆಗೆ ಬರೆಯುತ್ತಿಲ್ಲ ರಾಮಯ್ಯ, ಇದನ್ನು ಹೇಳಲಿಕ್ಕೇ ಇಷ್ಟೂ ಬರೆದೆ. ಮೇ ತಿಂಗಳಲ್ಲಿ ಸಕ್ಲೇನ್ ನನಗೆ ಒಂದು ಅರ್ಜಿ ಕಳಿಸಿದ್ದ, ರಾಯಭಾರ ಕಚೇರಿಗೆ ಬರೆದದ್ದು. ಎದೆ ನೋಯುತ್ತದೆ, ಪಾಸ್‌ಪೋರ್ಟ್ ಕಂಪನಿಯವರ ಹತ್ತಿರ ಇದೆ, ನನಗೆ ರಿಪ್ಯಾಟ್ರಿಯೇಷನ್ ಕೊಡಿಸಿ ಎಂದು. "ಸಾರ್, ವಾಕ್ಯ ಸರಿ ಇದ್ಯಾ?" ನಾನು ಎದೆನೋವನ್ನು ಓದಲಿಲ್ಲ, ವಾಕ್ಯ ಓದಿದೆ. ಆ ಪದ ನಿನಗೆ ಭಾರವಾಯಿತಪ್ಪ, ಅದನ್ನು ಕೈದಿಗಳಿಗೆ, ಹೆಣಗಳಿಗೆ ಬಳಸುತ್ತಾರೆ, ಸುಮ್ಮನೆ ಕಂಪನಿಗೆ ರಜೆ ಕೇಳು ಎಂದು ಬರೆದು, ಅರ್ಜಿಯನ್ನೇ ತಿದ್ದಿ ಕಳಿಸಿದೆ. "ಥ್ಯಾಂಕ್ಸ್ ಸಾರ್, ಈಗ ಚೆನ್ನಾಗಿದೆ," ಅಂದ. ರಜೆ ಸಿಗಲಿಲ್ಲ. ಅದೆಲ್ಲ ನನ್ನ ಫೋನಿನಲ್ಲಿ ಹಾಗೆಯೇ ಇದೆ. ಅಳಿಸಲು ಕೂತಿದ್ದೆ, ಆಗಲಿಲ್ಲ. ಶುಕ್ರವಾರ ತೆಗೆದುಕೊಂಡು ಹೋಗುತ್ತೇನೆ. ಅಲಿಯಾ ಐದನೇ ಕ್ಲಾಸು. ಇಂಗ್ಲಿಷ್ ಸರಾಗವಾಗಿ ಓದುತ್ತಾಳಂತೆ, ಅಪ್ಪ ಫೋನಿನಲ್ಲೇ ದಿನಕ್ಕೊಂದು ಪದ ಬರೆಸುತ್ತಿದ್ದನಂತೆ.