ಹದಿನೆಂಟು ತಲೆ

ಫೆಬ್ರವರಿ 6, ಬೆಳಗ್ಗೆ 5.10

ಮತ್ತೆ ಅದೇ ಕನಸು. ವ್ಯಾನಿನಲ್ಲಿ ಜನರನ್ನು ಎಣಿಸುತ್ತಿದ್ದೇನೆ. ಹದಿನೇಳು ಆದಮೇಲೆ ಮುಂದಿನ ಅಂಕಿ ಬಾಯಿಗೆ ಬರುತ್ತಿಲ್ಲ. ಭಾವ ಹಾರ್ನ್ ಒತ್ತುತ್ತಲೇ ಇದ್ದಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಕನಸಿನಲ್ಲೂ ಲೆಕ್ಕವೇ.

ಇವತ್ತಿನ ಟೂರು ಗುಹೆ, ಜಲಪಾತ, ದೋಣಿ. ಹದಿನೆಂಟು ಜನ. ನೀರಿನ ಕ್ಯಾನ್ ಎರಡು, ವಾಂತಿ ಕವರ್ ಒಂದು ಕಟ್ಟು. ಔಷಧಿ ಡಬ್ಬಿ... ಇಟ್ಟೆನಾ? ಇಟ್ಟಿದ್ದೇನೆ. ಎರಡು ಸಲ ನೋಡಿದೆ.

ಮಧ್ಯಾಹ್ನ 12

ಗುಹೆ ಮುಗಿಯಿತು. ಹೊರಡುವಾಗ ಮೂರು ಸಲ ಎಣಿಸಿದೆ. ಭಾವ ಸ್ಟೀರಿಂಗ್ ಹಿಡಿದುಕೊಂಡೇ, “ನಮ್ಮ ನಾದಿನಿ ದಿನಾ ಕೈಬೆರಳು ಎಣಿಸ್ಕೊಂಡೇ ಮಲಗೋದು” ಅಂದರು. ವ್ಯಾನಿಗೆ ವ್ಯಾನೇ ನಕ್ಕಿತು. ಒಂಬತ್ತನೇ ಸೀಟಿನ ಅಜ್ಜಿ ಮಾತ್ರ, “ಎಣಿಸ್ಲಿ ಬಿಡಪ್ಪ. ಮನೇಲಿ ನನ್ನನ್ನ ಎಣಿಸೋರು ಯಾರಿದಾರೆ?” ಅಂದರು. ಒಬ್ಬರೇ ಬಂದಿದ್ದಾರೆ.

ಫೆಬ್ರವರಿ 8

ನಿನ್ನೆ ಪೆನ್ನು ಹಿಡಿಯಲು ಆಗಲಿಲ್ಲ.

ಮೊನ್ನೆ ಜಲಪಾತದಿಂದ ಹೊರಡುವಾಗ ಭಾವ ಹೇಳಿದರು: “ಒಂದೇ ಸಲ ಎಣಿಸು. ಮಾನ ಕಳೀಬೇಡ.” ಒಂದೇ ಸಲ ಎಣಿಸಿದೆ. ಹಿಂದಿನಿಂದ, ತಲೆ ಮಾತ್ರ. ಹದಿನೆಂಟು. ರೈಟ್ ಅಂದೆ.

ಹದಿನೆಂಟರಲ್ಲಿ ಒಂದು, ಜಲಪಾತದ ಹತ್ತಿರ ಫೋಟೊ ಮಾರುವವನ ತಲೆ. ಅವನು ಯಾವಾಗಲೂ ನಮ್ಮ ವ್ಯಾನಿನಲ್ಲೇ ಕೆಳಗಿನ ತಿರುವಿನವರೆಗೆ ಬರುತ್ತಾನೆ. ಗೊತ್ತಿತ್ತು. ಒಂಬತ್ತನೇ ಸೀಟು ಖಾಲಿ ಇತ್ತೆಂದು ಕೂತಿದ್ದ. ಅಜ್ಜಿ ಇನ್ನೂ ಬಟ್ಟೆ ಬದಲಿಸುವ ಕೋಣೆಯಲ್ಲಿದ್ದರು.

ದೋಣಿ ಹತ್ತಿಸುವಾಗ ಕೈಯಲ್ಲಿ ಒಂದು ಟಿಕೆಟ್ ಉಳಿಯಿತು. ಒಂಬತ್ತನೇ ಸೀಟಿನ ಅಜ್ಜಿ ಇಲ್ಲ. “ಭಾವ, ವಾಪಸ್ ಹೋಗೋಣ.”

“ದೋಣಿ ಮುಗೀಲಿ. ಅಜ್ಜಿ ಎಲ್ಲಿಗೆ ಓಡಿ ಹೋಗ್ತಾರೆ?”

ಒಂದೂವರೆ ಗಂಟೆ. ನಾವು ಹೋಗುವಷ್ಟರಲ್ಲಿ ಅಜ್ಜಿ ಮೆಟ್ಟಿಲ ಕೆಳಗೆ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿದೆ.

ಫೆಬ್ರವರಿ 15

ನಮಗೆ ಗಿರಾಕಿ ಕಳಿಸುವ ಟೂರ್ ಆಫೀಸಿನವರು ಹೇಳಿಕೆ ಕೇಳಿದ್ದಾರೆ. ಭಾವ ತಾವೇ ಬರೆದು ತಂದರು.

“ಅಜ್ಜಿ ಬೇರೆ ಗಾಡೀಲಿ ಬರ್ತೀನಿ ಅಂದ್ರು ಅಂತ ಬರ್ದಿದೀನಿ. ಸೈನ್ ಹಾಕು.”

“ಅವ್ರು ಹಾಗೆ ಅಂದಿಲ್ವಲ್ಲ ಭಾವ.”

“ಎಣಿಸಿದ್ದು ಯಾರು? ನಾನಾ? ಕೆಲಸ ಹೋದ್ರೆ ನಿಮ್ಮಕ್ಕ ಏನು ಮಣ್ಣು ತಿಂತಾಳಾ?”

ಅಕ್ಕ ಒಲೆಯ ಮುಂದೆ ನಿಂತಿದ್ದಳು. ತಿರುಗಲಿಲ್ಲ. ಖಾಲಿ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು.

ಹಾಕಿದೆ. ನನ್ನ ಸಹಿ ಯಾವತ್ತೂ ವಕ್ರ. ಇವತ್ತು ನೆಟ್ಟಗೆ ಬಂತು.

ಫೆಬ್ರವರಿ 17

ಆಸ್ಪತ್ರೆಗೆ ಹೋಗಿದ್ದೆ. ಯಾರಿಗೂ ಹೇಳದೆ. ಅಜ್ಜಿ ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಬದುಕುತ್ತಿದ್ದೆ.

“ನೀನು ಮೂರು ಸಲ ಎಣಿಸ್ತೀಯಲ್ಲ. ಗೊತ್ತಾದ ತಕ್ಷಣ ಬಂದೇ ಬರ್ತೀಯ ಅಂತ ಅಲ್ಲೇ ಕೂತಿದ್ದೆ ಕಣಮ್ಮ. ಕತ್ತಲಾಗ್ತಾ ಬಂತು, ಆಮೇಲೇ ಎದ್ದಿದ್ದು.”

ಆ ಕಾಗದದ ವಿಷಯ ಅವರಿಗೆ ಇನ್ನೂ ಗೊತ್ತಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಫೆಬ್ರವರಿ 20, ಬೆಳಗ್ಗೆ 5.30

ಇವತ್ತಿನಿಂದ ವ್ಯಾನಿಗೆ ನಾನು ಬೇಡವಂತೆ. ಅಕ್ಕ ಹೋಗುತ್ತಾಳೆ. ಅದೇ ಗುಹೆ, ಅದೇ ಜಲಪಾತ, ಹದಿನೆಂಟು ಜನ. ಅಕ್ಕನಿಗೆ ಎಣಿಕೆಯ ಚಿಂತೆ ಇಲ್ಲ. “ತಲೆ ಎಣಿಸೋಕೆ ಏನು ಡಿಗ್ರಿ ಬೇಕಾ?” ಅನ್ನುತ್ತಾಳೆ. ಅವಳ ಬ್ಯಾಗಿಗೆ ಚೀಟಿ ಹಾಕಬೇಕು. ತಪ್ಪಾಗಬಾರದೆಂದು ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ—

ಅಕ್ಕಾ, ಜಲಪಾತದಿಂದ ಹೊರಡುವಾಗ ತಲೆ ಎಣಿಸಬೇಡ, ಮುಖ ನೋಡು. ಒಂಬತ್ತನೇ ಸೀಟಿನಲ್ಲಿ ಯಾರು ಕೂತಿದ್ದಾರೆ ಅಂತ ಇನ್ನೊಂದು ಸಲ ನೋಡು. ಭಾವ ಹಾರ್ನ್ ಒತ್ತಿದರೂ—