ಗುಡ್ಡೆಯಿಲ್ಲದ ಊರಿನಲ್ಲಿ ಏರು ಹತ್ತುವವಳು

ಜಾಬ್ರಿಯಾ, ಕುವೈತ್
ಶುಕ್ರವಾರ ಬೆಳಿಗ್ಗೆ

ತಮ್ಮ ರೋಹಿದಾಸನಿಗೆ ಅಕ್ಕನ ಆಶೀರ್ವಾದ.

ಮಗಳು ನವ್ಯಶ್ರೀ ಜೂನ್‌ನಲ್ಲಿ ಫ್ರಾನ್ಸಿನ ಹಳ್ಳಿಗಾಡಿಗೆ ಟ್ರಯಾತ್ಲಾನ್ ಸ್ಪರ್ಧೆಗೆ ಹೋಗುತ್ತಾಳೆ. ಒಂದೇ ದಿನ ಸುಮಾರು ಎರಡು ಕಿಲೋಮೀಟರ್ ಈಜಿ, ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿದು, ಮತ್ತೆ ಇಪ್ಪತ್ತೊಂದು ಓಡಬೇಕಂತೆ. ಸೈಕಲ್ ದಾರಿಯೆಲ್ಲ ಗುಡ್ಡೆ. ಇಲ್ಲಿಯೋ ನೆಲ ದೋಸೆಕಲ್ಲಿನ ಹಾಗೆ ಸಪಾಟು. ಹಾಗಾಗಿ ಅವಳು ರಜೆಯ ದಿನ, ಕಾರುಗಳು ಬರುವ ಮೊದಲು, ಆರು ಮಹಡಿಯ ಪಾರ್ಕಿಂಗ್ ಕಟ್ಟಡದ ಏರಿನಲ್ಲಿ ಸೈಕಲ್ ತುಳಿಯುತ್ತಾಳೆ.

ಮೊಣಕಾಲಿನ ಆಪರೇಷನ್ ಆದ ಮೇಲೆ ಅವಳು ಮೆಟ್ಟಿಲು ಹತ್ತಲೂ ಗೋಡೆ ಹಿಡಿಯುತ್ತಿದ್ದುದನ್ನು ನೀನೇ ನೋಡಿದ್ದೀಯಲ್ಲ. ಕಳೆದ ವಾರವೂ ಅರ್ಧದಲ್ಲೇ ಕಾಲೂರಿಬಿಟ್ಟಿದ್ದಳು. ಇವತ್ತು ನಾನು ಆ ಕಟ್ಟಡದ ತಾರಸಿಯಲ್ಲಿ ಟವೆಲ್ ಹಿಡಿದು ಕಾಯುತ್ತಿದ್ದೆ. ಕೆಳಗಿನಿಂದ ಕಾವಲಿನ ಭಾಯಿ, "ಯಲ್ಲಾ ಮೇಡಂ, ಯಲ್ಲಾ" ಎಂದು ಹುರಿದುಂಬಿಸುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬೆವರು ಸುರಿಸುತ್ತಾ, ಎಲ್ಲೂ ಇಳಿಯದೆ, ಮೇಲೆ ಬಂದೇಬಿಟ್ಟಳು. ನನಗೆ ಕಣ್ಣು ತುಂಬಿ ಬಂತು.

"ಸಾಕು ಮಗಾ, ಸ್ವಲ್ಪ ಕೂತ್ಕೋ," ಎಂದೆ.

"ಕಾಲು ನೋಯುದಿಲ್ಲ ಅಮ್ಮ. ಇನ್ನೆರಡು ಸಲ ಹತ್ತಿ ಬರ್ತೇನೆ," ಎಂದು ಸೈಕಲ್ ತಿರುಗಿಸಿದಳು.

ನನ್ನ ಬಿಪಿ ಹತೋಟಿಯಲ್ಲಿದೆ, ಊರಿಂದ ತಂದ ಮಾತ್ರೆಯೂ ಸಾಕಷ್ಟಿದೆ. ಈ ಕಾರ್ಡನ್ನು ತಾರಸಿಯ ಮೋಟುಗೋಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಬಯ್ಯಬೇಡ. ಸೈಕಲಿನ ಸದ್ದು ಹತ್ತಿರವಾಯಿತು. ಈ ಸಲವೂ ನಿಲ್ಲದೆ ಬರುತ್ತಿದ್ದಾಳೆ.

ನಿನ್ನ ಅಕ್ಕ,
ಕುಸುಮಾವತಿ