ತೊಟ್ಟಿಲ ದಿನದ ಡಿಸ್ಕ್

ಕಲಬುರಗಿ, ಜಗತ್ ಸರ್ಕಲ್ ಹಿಂದಿನ ಓಣಿ
೭ ಏಪ್ರಿಲ್ ೨೦೨೪, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಮಲ್ಲಿಕಾಳ ಶರಣು. ಕಾಲು ಹೇಗಿದೆ? ಪಟ್ಟಿ ಬಿಚ್ಚಿದ ಮೇಲೆ ಅಂಗಳದವರೆಗಾದರೂ ನಡೆಯುತ್ತೀರಾ, ಇಲ್ಲಾ ಮಂಚದಿಂದಲೇ ಇಡೀ ಕಮಲಾಪುರ ಆಳುತ್ತಿದ್ದೀರಾ? ರೇವಣ ಭಾವ ಕಳಿಸಿದ ಕೆಂಪು ಬಾಳೆಗೊನೆ ಅಡುಗೆಮನೆಯಲ್ಲಿ ತೂಗುತ್ತಿದೆ, ಮನೆಯೆಲ್ಲ ಅದರದೇ ವಾಸನೆ. ಕೂಸು ಆರಾಮ ಇದೆ. ನಿದ್ದೆಯಲ್ಲಿ ತನ್ನಷ್ಟಕ್ಕೇ ನಗುತ್ತಾಳೆ. ಆ ನಗು ನೋಡುತ್ತ ಕೂತರೆ ನನಗೂ ಕಣ್ಣು ಎಳೆಯುತ್ತದೆ, ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ.

ಅತ್ತೆ, ನನಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಮುಚ್ಚಿಡುವುದೇಕೆ? ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ನೀವು ಕಾಲು ಮುರಿದುಕೊಂಡು ಅಲ್ಲೇ ಉಳಿದಿರಿ. ಫೋನಿನ ಚಿತ್ರ ನಿಮ್ಮ ಕಣ್ಣಿಗೆ ಸಣ್ಣದು, ಫೋನಿನ ಮಾತು ಕಿವಿಗೆ ಹತ್ತದು. ಅದಕ್ಕೇ ನಿಮ್ಮ ಮಗ ಫೋನಿನಲ್ಲಿ ತೆಗೆದ ವಿಡಿಯೊಗಳನ್ನೆಲ್ಲ ಡಿಸ್ಕಿಗೆ ಹಾಕಿ, ನಿಮ್ಮ ಟೀವಿಯ ಕೆಳಗಿರುವ ಡಿವಿಡಿ ಪ್ಲೇಯರಿಗೆಂದು ಕಳಿಸಿದರು. ನಿಮ್ಮ ಮಗಳು ಪ್ರೀತಿ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಕರೆಯುವುದನ್ನು ನೀವೇ ಕೇಳಬೇಕು, ಅಲ್ಲಿಯವರೆಗೆ ಯಾರೂ ಹೇಳಕೂಡದು ಎಂದು ಎಲ್ಲರ ಬಾಯಿ ಕಟ್ಟಿದವಳು ನಾನು. ಡಿಸ್ಕ್ ನೋಡಿದ ಮೇಲೆ ನೀವು ಭಾವನ ಕೈಲಿ ಹೇಳಿ ಕಳಿಸಿದ್ದು ಒಂದೇ ಮಾತು: "ಚಂದ ಆಗ್ಯಾದ." ಹೆಸರಿನ ಸುದ್ದಿಯೇ ಇಲ್ಲ. ಹಿಡಿಸಲಿಲ್ಲ ಎಂದುಕೊಂಡೆ. ಯುಗಾದಿಗೆ ಕೂಸನ್ನು ಅಲ್ಲಿಗೆ ಒಯ್ಯುವುದೇ ಬೇಡ ಎಂದು ಮುಖ ಊದಿಸಿಕೊಂಡು ಕೂತೆ.

ನಿನ್ನೆ ನಿಮ್ಮ ಪಕ್ಕದ ಮನೆಯ ಖುರ್ಷೀದ್ ಬೇಗಂ ರಂಜಾನ್ ಬಟ್ಟೆಗೆಂದು ಸೂಪರ್ ಮಾರ್ಕೆಟ್‌ಗೆ ಬಂದವರು ನಮ್ಮ ಮನೆಗೂ ಬಂದರು, ರಾತ್ರಿ ಇಲ್ಲೇ ಉಳಿದರು. ಭಾವ, ಅಕ್ಕ ತೋಟಕ್ಕೆ ಹೋದ ಮೇಲೆ ನೀವು ಬಾಗಿಲು ಎಳೆದುಕೊಂಡು ಒಬ್ಬರೇ ಡಿಸ್ಕ್ ನೋಡುತ್ತೀರಂತೆ. ಅವರು ಮೊನ್ನೆ ಮೊಸರು ಕೊಡಲು ಒಳಗೆ ಬಂದು ನೋಡಿದರಂತೆ. "ಟೀವಿಯೊಳಗ ಆವಾಜೇ ಇಲ್ಲ ಬೇಟಿ. ನಿಮ್ಮತ್ತಿ ತಮ್ಮ ಕಿವೀನೇ ಪೂರಾ ಹೋಯ್ತಂತ ತಿಳಕೊಂಡು ಕಿವಿ ಮಷೀನ್ ತೆಗೆದು ಟ್ರಂಕಿನ್ಯಾಗ ಇಟ್ಟಾರ" ಎಂದರು. ಟೀವಿಗೇ ದನಿಯಿಲ್ಲವೆಂದು ಅವರು ಕೈಸನ್ನೆ ಮಾಡಿ ಹೇಳಿದರೂ, ಸಮಾಧಾನಕ್ಕೆ ಹೇಳುತ್ತಾರೆಂದು ನೀವು ನಂಬಲಿಲ್ಲವಂತೆ. ಕೇಳಿದವಳೇ ನಿಮ್ಮ ಮಗನನ್ನು ಕರೆದು ಎಲ್ಲ ಹೇಳಿದೆ.

ಅತ್ತೆ, ನಿಮ್ಮ ಕಿವಿ ಹೋಗಿಲ್ಲ, ಡಿಸ್ಕೇ ಮೂಕಾಗಿತ್ತು. ನಿಮ್ಮ ಮಗ ಚಿತ್ರವನ್ನಷ್ಟೇ ಪ್ಲೇಯರಿಗೆ ಒಗ್ಗುವ ಹಾಗೆ ಬದಲಿಸಿ, ದನಿಯನ್ನು ಫೋನಿನಲ್ಲಿದ್ದಂತೆಯೇ ಬಿಟ್ಟಿದ್ದರು. ಕಂಪ್ಯೂಟರಿನಲ್ಲಿ ಹಾಕಿದಾಗ ಕೇಳಿತು, ಸರಿಯಿದೆ ಎಂದುಕೊಂಡರು. ನಿಮ್ಮ ಹಳೆಯ ಪ್ಲೇಯರಿಗೆ ಆ ದನಿ ಓದಲು ಬರುವುದಿಲ್ಲ. ಇವತ್ತು ಗೆಳೆಯ ಗುಫ್ರಾನ್‌ನ ಮನೆಯಿಂದ ಅಂಥದೇ ಹಳೆಯ ಪ್ಲೇಯರ್ ತಂದಿಟ್ಟುಕೊಂಡು, ಮದುವೆ ಡಿವಿಡಿ ಮಾಡುವ ಹಾಗೆ ಮೊದಲಿನಿಂದ ಮಾಡಿದರು. ಹೊರಗೆ ಸುಡುಬಿಸಿಲು, ಆಟೊಗಳ ಸದ್ದೂ ದೂರ ದೂರ. ಒಳಗೆ ಡಿಸ್ಕ್ ಗುಂಯ್ ಎಂದು ತಿರುಗುತ್ತಿತ್ತು. ಕೂಸು ಅದನ್ನೇ ಜೋಗುಳ ಮಾಡಿಕೊಂಡು ಮಲಗಿತು, ನನಗೂ ಜೊಂಪು ಹತ್ತಿತು. ಬಸುರಿಯಾಗಿ ಏಳು ತಿಂಗಳಾಗಿದ್ದಾಗ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಿರಲ್ಲ, ಹಾಗೆ ಕನಸಿನಲ್ಲಿ ನೀವು ಹಿಂದೆ ಕೂತು ಬಾಚುತ್ತಿದ್ದಿರಿ. ಅವತ್ತಿನ ಮಾತನ್ನೇ ಮತ್ತೆ ಹೇಳುತ್ತಿದ್ದಿರಿ: "ನಮ್ಮವ್ವನ ಹೆಸರು ಹಿಡದು ಕರಿಯಾವ್ರು ಈಗ ಯಾರೂ ಉಳಿದಿಲ್ಲ ನೋಡು." ಕಣ್ಣು ಬಿಟ್ಟರೆ ಗುಫ್ರಾನ್‌ನ ಪ್ಲೇಯರಿನಿಂದ ತೊಟ್ಟಿಲ ಹಾಡು ಬರುತ್ತಿತ್ತು. ಪ್ರೀತಿ ಬಗ್ಗಿ ಹೆಸರು ಕರೆದಳು, ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿ ನಕ್ಕರು. ನನ್ನ ತೊಡೆಯ ಮೇಲಿದ್ದ ಕೂಸು ಎಚ್ಚರಾಗಿ ಅತ್ತ ತಲೆ ತಿರುಗಿಸಿತು. ನಾನು ಅತ್ತುಬಿಟ್ಟೆ.

ನಾಡಿದ್ದು ಯುಗಾದಿಗೆ ಬೆಳಗಿನ ಬಸ್ಸಿಗೇ ಮೂವರೂ ಬರುತ್ತೇವೆ. ಬೇವು ಕಲಸುವಾಗ ಬೆಲ್ಲ ತುಸು ಹೆಚ್ಚೇ ಹಾಕಿ, ಸಿಟ್ಟಿನ ಸೊಸೆ ಬರುತ್ತಿದ್ದಾಳೆ. ಭಾವನಿಗೆ, ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಕೋಲು ಬಿಟ್ಟು ನಡೆಯಬೇಡಿ.

ನಿಮ್ಮ,
ಮಲ್ಲಿಕಾ

ತಾ.ಕ.: ಖುರ್ಷೀದ್ ಬೇಗಂ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾರೆ. ಡಿಸ್ಕ್ ಅವರ ಚೀಲದಲ್ಲಿದೆ. ಮೊದಲು ಟ್ರಂಕಿನಿಂದ ಮಷೀನ್ ತೆಗೆದು ಕಿವಿಗೆ ಹಾಕಿಕೊಳ್ಳಿ. ಈ ಡಿಸ್ಕೂ ಕೈಕೊಟ್ಟರೆ ಎಂಬ ಹೆದರಿಕೆಗೆ ಬರೆದೇಬಿಡುತ್ತೇನೆ. ಕೂಸಿನ ಹೆಸರು ಕಾವೇರಿ. ನಿಮ್ಮವ್ವನದೇ. ನಾಡಿದ್ದು ನೀವು ಕರೆಯಿರಿ, ತಿರುಗಿ ನೋಡುತ್ತಾಳೆ.